'ಪ್ಲೇಂಟ್' ಶಬ್ದ: ಅಳಲು ಮತ್ತು ಅಹವಾಲು

ಇಂಗ್ಲಿಷಿನ ದಿನಬಳಕೆಯಿಂದ ಮರೆಯಾಗಿರುವ 'ಪ್ಲೇಂಟ್' ಶಬ್ದಕ್ಕೆ ನಿಘಂಟುಗಳು ಎರಡು ಅರ್ಥ ಕೊಡುತ್ತವೆ: ಒಂದು ಪ್ರಲಾಪ, ಇನ್ನೊಂದು ನ್ಯಾಯಾಲಯಕ್ಕೆ ಸಲ್ಲಿಸುವ ದೂರು. ಇವೆರಡೂ ಆಕಸ್ಮಿಕವಾಗಿ ಕೂಡಿದವಲ್ಲ ಎಂಬುದನ್ನೂ, ಅನುವಾದಕರು ಇದನ್ನು ಗಮನಿಸಬೇಕೆಂಬುದನ್ನೂ ನಾವು ಇಲ್ಲಿ ಸೂಚಿಸಬಯಸುತ್ತೇವೆ.

ಶಬ್ದದ ಮೂಲ ಲ್ಯಾಟಿನ್ನಿನ 'ಪ್ಲಾಂಗೆರೆ'. ಎದೆ ಬಡಿದುಕೊಂಡು ಅಳುವುದೆಂದು ಅದರ ಅರ್ಥ. ಶೋಕಸೂಚಕವಾದ 'ಪ್ಲೇಂಟಿವ್', ವಾದಿಯೆಂಬರ್ಥದ 'ಪ್ಲೇಂಟಿಫ್' ಮೂಲತಃ ಒಂದೇ ಶಬ್ದದ ಎರಡು ರೂಪಗಳು. 'ಕಂಪ್ಲೇಂಟ್' ಕೂಡ ಇದೇ ಕುಲದ್ದು. ಮಧ್ಯಯುಗದಲ್ಲಿ ಅದೊಂದು ಕಾವ್ಯಪ್ರಕಾರದ ಹೆಸರೂ ಆಗಿತ್ತು. ಹದಿನಾಲ್ಕನೆಯ ಶತಮಾನದ ಚಾಸರ್ 'ಕರುಣೆ'ಯನ್ನು ಉದ್ದೇಶಿಸಿ ಬರೆದ ಇಂಥ ಕವಿತೆಯಲ್ಲಿ ನಿರೂಪಕನು ಕೈಯಲ್ಲಿ ಅರ್ಜಿ ಹಿಡಿದು ಹೋಗುತ್ತಾನೆ; ಕರುಣೆ ಸತ್ತುಹೋಗಿದ್ದಾಳೆ. ಅರ್ಜಿಯ ಎದುರಾಳಿ ಕ್ರೌರ್ಯ. ಅಹವಾಲನ್ನು ಕೇಳಬೇಕಾದವಳೇ ಇಲ್ಲವಾದುದರಿಂದ ಅದು ಅಳಲಾಗುತ್ತದೆ.

ಷೇಕ್ಸ್‌ಪಿಯರನ ಹೆಸರಿನಲ್ಲಿ 1609ರಲ್ಲಿ ಅಚ್ಚಾದ 'ಎ ಲವರ್ಸ್ ಕಂಪ್ಲೇಂಟ್' ಕವಿತೆಯ ವಂಚಿತೆ ನದೀತೀರದಲ್ಲಿ ದನ ಮೇಯಿಸುವ ವೃದ್ಧನ ಮುಂದೆ ತನ್ನ ಕಥೆ ಹೇಳುತ್ತಾಳೆ. ಕೊನೆಗೆ, ಆ ಯುವಕನಿಗೆ ತಾನು ಮತ್ತೂ ಸೋತೇನೆಂಬ ಧ್ವನಿ ಕೇಳಿಬರುತ್ತದೆ. ಅವಳಿಗೆ ಬೇಕಾದುದು ತೀರ್ಪಲ್ಲ, ಕೇಳುವ ಕಿವಿ.

ಇವುಗಳ ಶೀರ್ಷಿಕೆಯನ್ನು 'ದೂರು' ಎಂದರೆ ಕಣ್ಣೀರು ಆರುತ್ತದೆ. 'ವಿಲಾಪ' ಎಂದರೆ ಕೇಳುವವನು ಮಾಯವಾಗುತ್ತಾನೆ. ಪರ್ಷಿಯನ್ನಿನಲ್ಲಿ 'ಫರ್ಯಾದ್' ಎಂದರೆ ಆರ್ತನಾದ. ನಮ್ಮ 'ಫಿರ್ಯಾದು' ಅದರಿಂದಲೇ ಬಂದರೂ ಇಂದು ಕಚೇರಿಯ ಕಾಗದವಾಗಿ ಉಳಿದಿದೆ. 'ಮೊರೆ' ಮಾತ್ರ ಎರಡನ್ನೂ ಉಳಿಸಿಕೊಂಡಿದೆ. ಭಕ್ತನು ದೇವರಲ್ಲಿ ಮೊರೆಯಿಡುತ್ತಾನೆ. ಅನ್ಯಾಯಕ್ಕೊಳಗಾದವನು ನ್ಯಾಯಾಲಯದ ಮೊರೆಹೋಗುತ್ತಾನೆ. ಆದರೆ ಮೊರೆಯಲ್ಲಿ ಪ್ರತಿವಾದಿಯಿಲ್ಲ. ಆದ್ದರಿಂದ ಷೇಕ್ಸ್‌ಪಿಯರನ ಕವಿತೆಗೆ 'ಮೊರೆ' ಒಪ್ಪುತ್ತದೆ; ಎದುರಾಳಿಯನ್ನು ಹೆಸರಿಸುವ ಚಾಸರನ ಕವಿತೆಗೆ 'ಫಿರ್ಯಾದು' ಶಬ್ದವನ್ನೇ ಅದರ ಹಳೆಯ ಆರ್ತತೆಯೊಡನೆ ಮರಳಿ ತರಬೇಕಾದೀತು.

ಇಂಗ್ಲೆಂಡಿನ ಸಿವಿಲ್ ನ್ಯಾಯಾಲಯಗಳು 1999ರಲ್ಲಿ 'ಪ್ಲೇಂಟಿಫ್' ಪದವನ್ನು ಕೈಬಿಟ್ಟು, ಹಕ್ಕು ಕೇಳುವವನೆಂಬರ್ಥದ 'ಕ್ಲೇಮೆಂಟ್' ಪದವನ್ನು ಸ್ವೀಕರಿಸಿದವು. ಸಾಮಾನ್ಯರಿಗೆ ತಿಳಿಯಲೆಂಬ ಉದ್ದೇಶ ಸರಿಯೇ. ಆದರೆ ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೆಯ ಆದೇಶದಲ್ಲಿ 'ಪ್ಲೇಂಟ್' ಇನ್ನೂ ಇದೆ. ಕನ್ನಡದಲ್ಲಿ ಅದು 'ವಾದಪತ್ರ'. ಅಲ್ಲಿ ವಾದ ಉಳಿಯಿತು, ಎದೆ ಬಡಿದುಕೊಂಡ ಸದ್ದು ಉಳಿಯಲಿಲ್ಲ. ಕಾನೂನಿಗೆ ಅಷ್ಟು ಸಾಕಾಗಬಹುದು. ಕಾವ್ಯದ ಅನುವಾದಕ್ಕೆ ಸಾಲದು.