ಜಠರಪಟ್ಟಿ ಮತ್ತು ಜೋಳದ ರೊಟ್ಟಿ

ತೂಕ ಇಳಿಸಲು ಜಠರಕ್ಕೆ ಸಿಲಿಕೋನ್ ಪಟ್ಟಿ ಹಾಕಿಸಿಕೊಂಡ ಬಳ್ಳಾರಿಯ ಪರಿಚಿತರೊಬ್ಬರ ಬಳಿಯಿದ್ದ ಊಟದ ಕೈಪಿಡಿ ಓದಿದೆ. ಓಟ್ಸ್, ಸೂಪು ಇವೆ. ಸಿರುಗುಪ್ಪದ ಅನ್ನವಿಲ್ಲ, ಕುರುಗೋಡಿನ ಜೋಳದ ರೊಟ್ಟಿಯಿಲ್ಲ. (2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಪಟ್ಟಿಯ ಬಳಕೆ ಈಗ ವಿರಳ, ಹಾಕಿಸಿಕೊಂಡವರ ಊಟವೇನೂ ನಿಂತಿಲ್ಲ.)

‘ಕಡಿಮೆ ತಿನ್ನಿ’ ಎನ್ನುವ ಕೈಪಿಡಿ ಕಾರಣ ಹೇಳುವುದಿಲ್ಲ. ಪಟ್ಟಿಯ ಮೇಲೆ ಉಳಿಯುವ ಚೀಲ ಸುಮಾರು 15ರಿಂದ 30 ಮಿಲಿಲೀಟರ್ ಮಾತ್ರ. ಕೆಳಗಿನ ದಾರಿ ಕಿರಿದು. ಮುದ್ದೆಗಟ್ಟಿದ ಅನ್ನ ಅಲ್ಲಿ ಸಿಕ್ಕಿಕೊಳ್ಳಬಹುದು, ಕಬ್ಬಿನ ಹಾಲು ಸರಾಗವಾಗಿ ಇಳಿಯುತ್ತದೆ. ಕ್ಯಾಲೊರಿಯ ಲೆಕ್ಕ ಪಟ್ಟಿಗೆ ತಿಳಿಯದು! ರೊಟ್ಟಿಯನ್ನು ಸಣ್ಣ ಚೂರು ಮಾಡಿ ನುಣ್ಣಗೆ ಅಗಿಯಬೇಕು, ಊಟದ ನಡುವೆ ನೀರು ಕುಡಿಯಬಾರದು. ವಾಂತಿ ನಿಲ್ಲದಿದ್ದರೆ ವೈದ್ಯರು ಚರ್ಮದಡಿಯ ಕಿಂಡಿಯಿಂದ ಲವಣದ್ರಾವಣ ಹೊರತೆಗೆದು ಪಟ್ಟಿ ಸಡಿಲಿಸಬಲ್ಲರು. ಕೈಪಿಡಿಯಲ್ಲಿ ಇದೂ ಇಲ್ಲ.