ಪೂರೈಕೆದಾರರ ಅಂಕಪಟ್ಟಿ ಏನನ್ನು ಅಳೆಯುತ್ತದೆ?

ನಿರ್ವಾತ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರಿಗೆಲ್ಲ ಓ-ರಿಂಗ್ ಪರಿಚಿತ. ಎರಡು ಲೋಹದ ಭಾಗಗಳ ನಡುವೆ ಗಾಳಿ ನುಸುಳದಂತೆ ತಡೆಯುವ ರಬ್ಬರಿನ ಬಳೆ ಅದು. ಕೆಲವು ವರ್ಷಗಳ ಹಿಂದೆ ನಮ್ಮ ಪ್ರಯೋಗಾಲಯಕ್ಕೆ ವಿಟಾನ್ ಎಂಬ ಫ್ಲೋರಿನ್‌ಯುಕ್ತ ರಬ್ಬರಿನ ಬಳೆಗಳನ್ನು ತರಿಸಿದ್ದೆವು. ಹೇಳಿದ ದಿನಕ್ಕೆ ಬಂದವು, ಬೆಲೆಯೂ ಸರಿಯಿತ್ತು. ವರ್ನಿಯರ್ ಹಿಡಿದು ವ್ಯಾಸವನ್ನೂ ದಪ್ಪವನ್ನೂ ಅಳೆದು, 'ಸರಿಯಿದೆ' ಎಂದು ಸಹಿ ಹಾಕಿದವನು ನಾನೇ. ಉಪಕರಣವನ್ನು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಕೆಲವೇ ದಿನಗಳಲ್ಲಿ ಬಳೆಗಳು ಗಡಸಾಗಿ ಬಿರುಕು ಬಿಟ್ಟವು. ಬಂದದ್ದು ಸಾಧಾರಣ ನೈಟ್ರೈಲ್ ರಬ್ಬರು. ಎರಡರ ಬಣ್ಣವೂ ಕಪ್ಪು, ಎರಡರ ಅಳತೆಯೂ ಒಂದೇ. ನಮಗಾದ ನಷ್ಟ ಎರಡು ವಾರಗಳ ಕೆಲಸ, ಅಷ್ಟೇ. ಇದೇ ತಪ್ಪು ರೋಗಿಯ ಉಸಿರಾಟದ ಯಂತ್ರದಲ್ಲಿ ಆದರೆ?

ವೈದ್ಯಕೀಯ ಸಾಧನಗಳ ತಯಾರಕರು ಬಿಡಿಭಾಗಗಳನ್ನೂ ಕಚ್ಚಾವಸ್ತುಗಳನ್ನೂ ಬಹುಮಟ್ಟಿಗೆ ಹೊರಗಿನಿಂದಲೇ ಕೊಳ್ಳುತ್ತಾರೆ. ಹೀಗೆ ಕೊಳ್ಳುವ ಪ್ರತಿ ಪೂರೈಕೆದಾರನಿಗೂ ವರ್ಷಕ್ಕೊಮ್ಮೆ ಅಂಕ ಕೊಡುವ ಪದ್ಧತಿ ಈಗ ವ್ಯಾಪಕವಾಗಿದೆ. ಪದ್ಧತಿ ಒಳ್ಳೆಯದೇ. ಆದರೆ ಅದು ಅಳೆಯುವುದೇನು, ಅಳೆಯದೆ ಬಿಡುವುದೇನು ಎಂಬುದನ್ನು ನಾವು ಪರಿಶೀಲಿಸಬೇಕು.

ಮೀಟರಿಗೆ ಸೆಕೆಂಡು ಕೂಡಿಸಿದಂತೆ

ಒಂದು ಕಾಲ್ಪನಿಕ ಅಂಕಪಟ್ಟಿಯನ್ನು ನೋಡೋಣ. ಸಕಾಲದ ಪೂರೈಕೆಗೆ 40, ತಿರಸ್ಕೃತವಾಗದ ಸರಕಿಗೆ 40, ಬೆಲೆಗೆ 20 ಅಂಕ. ಮೊದಲನೆಯ ಪೂರೈಕೆದಾರ ಎರಡು ಸಲ ತಡಮಾಡಿದ. ಆದರೆ ತಾನು ಬಳಸುವ ಅಂಟು ಬದಲಾಗಲಿದೆ ಎಂದು ಮುಂಚೆಯೇ ಪತ್ರ ಬರೆದ. ಅವನಿಗೆ 70. ಎರಡನೆಯವನು ಒಮ್ಮೆಯೂ ತಡಮಾಡಲಿಲ್ಲ. ಆದರೆ ಕಚ್ಚಾವಸ್ತುವನ್ನು ಸದ್ದಿಲ್ಲದೆ ಬದಲಿಸಿದ. ಅವನಿಗೆ 95. ಮುಂದಿನ ವರ್ಷದ ಆದೇಶ ಯಾರಿಗೆ ಹೋಗುತ್ತದೆಂದು ನೀವೇ ಊಹಿಸಬಹುದು.

ಮೀಟರಿಗೆ ಸೆಕೆಂಡನ್ನು ಕೂಡಿಸಬೇಡಿ ಎಂದು ನಾವು ಪಿಯುಸಿ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತೇವೆ. ಬೇರೆ ಬೇರೆ ಜಾತಿಯ ಪರಿಮಾಣಗಳನ್ನು ಕೂಡಿಸಿ ಒಂದೇ ಸಂಖ್ಯೆ ಮಾಡಿದಾಗ, ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಸಕಾಲದಲ್ಲಿ ಬಂದ ಮಾತ್ರಕ್ಕೆ ತಪ್ಪು ವಸ್ತು ಸರಿಯಾಗುವುದಿಲ್ಲ.

'ತಿರಸ್ಕೃತ ಶೂನ್ಯ' ಎಂಬ ಅಂಕಿಯೂ ನಾವು ತಿಳಿದಷ್ಟು ಗಟ್ಟಿಯಲ್ಲ. ದೊಡ್ಡ ಸರಕಿನಿಂದ 30 ತುಣುಕುಗಳನ್ನು ಆರಿಸಿ ನೋಡಿದಿರಿ, ಒಂದರಲ್ಲೂ ದೋಷವಿಲ್ಲ ಎನ್ನಿ. ಸರಕಿನಲ್ಲಿ ನೂರಕ್ಕೆ 5 ದೋಷಪೂರ್ಣವಾಗಿದ್ದರೂ ಹೀಗಾಗುವ ಸಂಭವನೀಯತೆ 0.95ರ 30ನೆಯ ಘಾತ, ಎಂದರೆ ಸುಮಾರು ಶೇಕಡ 21. ಐದರಲ್ಲಿ ಒಂದು ಸಲ ಮೋಸಹೋಗುವ ಪರೀಕ್ಷೆ ಇದು. ಅದೂ ಕಣ್ಣಿಗೆ ಕಾಣುವ ದೋಷಗಳ ಮಟ್ಟಿಗೆ. ಕಾಲ ಕಳೆದಂತೆ ಹೊರಬೀಳುವ ದೋಷಕ್ಕೆ ಈ ಲೆಕ್ಕವೂ ಅನ್ವಯಿಸದು.

ಕೇಳಿಸಿಕೊಳ್ಳದ ಮಾತು

ಕಾಲ ಕಳೆದಂತೆ ಹೊರಬಿದ್ದ ದೋಷಕ್ಕೆ ಫಿಲಿಪ್ಸ್ ರೆಸ್ಪಿರಾನಿಕ್ಸ್ ಪ್ರಕರಣ ಉದಾಹರಣೆ. ನಿದ್ರೆಯಲ್ಲಿ ಉಸಿರು ಕಟ್ಟುವವರಿಗೆ ನೆರವಾಗುವ ಯಂತ್ರಗಳನ್ನು ಈ ಸಂಸ್ಥೆ ತಯಾರಿಸುತ್ತಿತ್ತು. ಸದ್ದು ತಗ್ಗಿಸಲು ಅವುಗಳೊಳಗೆ ಪಾಲಿಯೆಸ್ಟರ್ ಆಧಾರಿತ ಪಾಲಿಯುರಿಥೇನ್ ನೊರೆಹಾಳೆಯನ್ನು ಇಟ್ಟಿದ್ದರು. ಎಸ್ಟರ್ ಬಂಧಗಳು ನೀರಿನ ಅಣುಗಳಿಗೆ ಸಿಕ್ಕಿ ಕತ್ತರಿಸಿಹೋಗುತ್ತವೆ, ಇದು ಜಲವಿಚ್ಛೇದನೆ. ಶಾಖ ಮತ್ತು ಆರ್ದ್ರತೆ ಹೆಚ್ಚಿದಷ್ಟೂ ಈ ಕ್ರಿಯೆ ಚುರುಕು. ರೋಗಿ ಉಸಿರಾಡುವ ಗಾಳಿಯಲ್ಲಿ ನೊರೆಯ ಕಣಗಳೂ ಆವಿಗಳೂ ಸೇರಬಹುದೆಂಬ ಕಾರಣಕ್ಕೆ 2021ರ ಜೂನ್‌ನಲ್ಲಿ ಯಂತ್ರಗಳನ್ನು ಹಿಂದಕ್ಕೆ ಪಡೆಯಲಾಯಿತು. ಅವುಗಳ ಸಂಖ್ಯೆ ಜಗತ್ತಿನಾದ್ಯಂತ 50 ಲಕ್ಷವನ್ನು ಮೀರಿತು.

ಅದೇ ವರ್ಷ ಅಮೆರಿಕದ ಎಫ್‌ಡಿಎ ಪರಿಶೀಲಕರು ಕಾರ್ಖಾನೆಯ ಪತ್ರವ್ಯವಹಾರವನ್ನು ತೆರೆದು ನೋಡಿದರು. ನೊರೆ ಹಾಳಾಗುವ ವಿಷಯ ಪೂರೈಕೆದಾರನೊಂದಿಗಿನ ಇ-ಮೇಲ್‌ಗಳಲ್ಲಿ 2015ರ ಅಕ್ಟೋಬರ್‌ನಲ್ಲೇ ಪ್ರಸ್ತಾಪವಾಗಿತ್ತು. 2016ರ ಆಗಸ್ಟ್‌ನಲ್ಲಿ ಪೂರೈಕೆದಾರ ಅದನ್ನು ದೃಢಪಡಿಸಿದ್ದ. ಇಲ್ಲಿ ಪೂರೈಕೆದಾರ ಮೌನವಾಗಿರಲಿಲ್ಲ. ಅವನ ಮಾತು ವಿನ್ಯಾಸಕಾರನ ಮೇಜಿನವರೆಗೆ ಹೋಗಿ ತೀರ್ಮಾನವಾಗಲು ಐದು ವರ್ಷ ಹಿಡಿಯಿತು. ಹಾನಿ ಎಷ್ಟಾಯಿತೆಂಬ ಬಗ್ಗೆ ವಾದವಿದೆ. 2024ರಲ್ಲಿ ಸಂಸ್ಥೆ ತಪ್ಪೊಪ್ಪಿಕೊಳ್ಳದೆಯೇ 110 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ನಮಗೆ ಮುಖ್ಯವಾದ ಪ್ರಶ್ನೆ ಬೇರೆ. ಎಚ್ಚರಿಕೆ ಕೊಟ್ಟ ಪೂರೈಕೆದಾರನಿಗೆ ಯಾವ ಅಂಕಪಟ್ಟಿಯಲ್ಲಿ ಎಷ್ಟು ಅಂಕವಿದೆ?

ಖರೀದಿ ಪುಸ್ತಕದಲ್ಲಿ ಒಂದು ಸಂರಕ್ಷಣಾ ನಿಯಮ

ಫ್ರಾನ್ಸಿನ ಪಿಐಪಿ ಸಂಸ್ಥೆಯ ಪ್ರಕರಣ ಇದಕ್ಕೆ ವಿರುದ್ಧವಾದದ್ದು. ಸ್ತನದೊಳಗೆ ಇಡುವ ಕಸಿಸಾಧನಗಳಿಗೆ ಮಾನ್ಯತೆ ಪಡೆದ ವೈದ್ಯಕೀಯ ಸಿಲಿಕೋನ್ ಬಳಸುವುದಾಗಿ ಹೇಳಿ, ಅಗ್ಗದ ಕೈಗಾರಿಕಾ ಸಿಲಿಕೋನ್ ತುಂಬಿದ್ದು 2010ರಲ್ಲಿ ಬಯಲಾಯಿತು. ಸುಮಾರು 3 ಲಕ್ಷ ಮಹಿಳೆಯರ ದೇಹದಲ್ಲಿ ಅದರ ಸಾಧನಗಳಿದ್ದವು. ಪ್ರಮಾಣಪತ್ರ ಕೊಡುತ್ತಿದ್ದ ಸಂಸ್ಥೆಯ ಭೇಟಿಗಳು ವರ್ಷಗಟ್ಟಲೆ ನಡೆದಿದ್ದವು; ವಂಚನೆ ಮಾತ್ರ ಕಣ್ಣಿಗೆ ಬೀಳಲಿಲ್ಲ.

ಇದನ್ನು ಹಿಡಿಯಲು ದೊಡ್ಡ ಉಪಕರಣ ಬೇಕಿರಲಿಲ್ಲ. ಮಾನ್ಯ ಸಿಲಿಕೋನ್ ಎಷ್ಟು ಕಿಲೋಗ್ರಾಮ್ ಒಳಬಂತು, ಸಾಧನಗಳ ರೂಪದಲ್ಲಿ ಎಷ್ಟು ಹೊರಹೋಯಿತು ಎಂದು ತಾಳೆ ನೋಡಿದ್ದರೆ ಸಾಕಿತ್ತು. ದ್ರವ್ಯರಾಶಿ ಸಂರಕ್ಷಣಾ ನಿಯಮ ಲೆಕ್ಕಪುಸ್ತಕಕ್ಕೂ ಅನ್ವಯಿಸುತ್ತದೆ. 2021ರ ಮೇ ತಿಂಗಳಿಂದ ಜಾರಿಯಲ್ಲಿರುವ ಯುರೋಪಿನ ಹೊಸ ನಿಯಮಾವಳಿ ಪಾಠ ಕಲಿತಿದೆ: ಅತ್ಯಂತ ಅಪಾಯದ ವರ್ಗದ ಸಾಧನಗಳಲ್ಲಿ, ಅಗತ್ಯವಿದ್ದೆಡೆ, ಕೊಂಡ ವಸ್ತುವಿನ ಪ್ರಮಾಣಕ್ಕೂ ಸಿದ್ಧವಾದ ಸಾಧನಗಳ ಪ್ರಮಾಣಕ್ಕೂ ತಾಳೆ ನೋಡಬೇಕು, ಮುನ್ಸೂಚನೆಯಿಲ್ಲದೆ ಪೂರೈಕೆದಾರರಲ್ಲಿಗೂ ಹೋಗಬಹುದು.

ನಮ್ಮಲ್ಲಿ

ಈ ಮಾತು ನಮಗೂ ಸಂಬಂಧಿಸಿದ್ದೇ. 2020ರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ 30,000 ವೆಂಟಿಲೇಟರುಗಳನ್ನು ತಯಾರಿಸುವ ಹೊಣೆ ಹೊತ್ತಾಗ, ಹೊರದೇಶಗಳಿಂದ ಬರುತ್ತಿದ್ದ ಸಣ್ಣ ಕವಾಟಗಳಂಥ ಭಾಗಗಳಿಗೆ ತೊಡಕಾಯಿತು. ಡಿಆರ್‌ಡಿಒ ದೇಶೀಯ ಉದ್ಯಮಗಳ ನೆರವಿನಿಂದ ಅವನ್ನು ಇಲ್ಲಿಯೇ ಮಾಡಿಸಿತು. ಹೆಮ್ಮೆಪಡಬೇಕಾದ ಕೆಲಸ. ನಮ್ಮ ಸಣ್ಣ ಕೈಗಾರಿಕೆಗಳು ಇಂಥ ಭಾಗಗಳನ್ನು ಮಾಡುತ್ತಾ ಹೋದಂತೆ, ಅವರೊಡನೆ ನಮ್ಮ ಸಂಬಂಧ ಹೇಗಿರಬೇಕೆಂಬುದೂ ನಿರ್ಧಾರವಾಗಬೇಕು. ನಮ್ಮ 2017ರ ವೈದ್ಯಕೀಯ ಸಾಧನಗಳ ನಿಯಮಗಳ ಐದನೆಯ ಅನುಸೂಚಿಯಲ್ಲಿ ಖರೀದಿಗೂ ಸ್ಥಾನವಿದೆ. ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 13485 ಕೂಡ, ಸರಕಿನಲ್ಲಿ ಬದಲಾವಣೆ ಮಾಡುವ ಮೊದಲು ತಿಳಿಸುವಂತೆ ಪೂರೈಕೆದಾರನೊಂದಿಗೆ ಲಿಖಿತ ಒಪ್ಪಂದವಿರಲಿ ಎನ್ನುತ್ತದೆ. ಕಾಗದದಲ್ಲಿ ಕೊರತೆಯಿಲ್ಲ. ಆದರೆ ಬದಲಾವಣೆ ತಿಳಿಸಿದವನ ಸರಕನ್ನು ತಿಂಗಳುಗಟ್ಟಲೆ ತಡೆದಿಟ್ಟು, ಹಣವನ್ನೂ ತಡಮಾಡಿ, ಅಂಕವನ್ನೂ ಕಡಿಮೆ ಮಾಡಿದರೆ, ಮುಂದಿನ ಸಲ ಅವನು ಬಾಯಿ ಬಿಡುತ್ತಾನೆಯೇ? ಮೌನವನ್ನು ಕಲಿಸಿದವರು ನಾವೇ ಆಗುತ್ತೇವೆ.

ಅಂಕಪಟ್ಟಿ ಬೇಡವೆಂದು ನಾನು ಹೇಳುತ್ತಿಲ್ಲ. ಕವಾಟ ತಡವಾದರೆ ಆಸ್ಪತ್ರೆಯಲ್ಲಿ ಯಂತ್ರ ನಿಲ್ಲುತ್ತದೆ. ಅದೂ ರೋಗಿಯ ಸಮಸ್ಯೆಯೇ. ಆದರೆ ಪಟ್ಟಿಯ ಪಕ್ಕದಲ್ಲಿ, ಮೊತ್ತಕ್ಕೆ ಸೇರಿಸದ ಮೂರು ಕಲಮುಗಳಿರಲಿ. ಈ ವರ್ಷ ಏನು ಬದಲಾಯಿತು? ಅದನ್ನು ಮೊದಲು ಹೇಳಿದವರು ಯಾರು? ಹೇಳಿದ್ದರ ಮೇಲೆ ನಾವು ಏನು ಮಾಡಿದೆವು? ಮೂರನೆಯದು ನಮಗೇ ಕೊಡಬೇಕಾದ ಅಂಕ.

ಕೊನೆಗೆ ಆ ಓ-ರಿಂಗ್. ವಿಟಾನ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.8 ಗ್ರಾಮ್, ನೈಟ್ರೈಲ್‌ನದು ಸುಮಾರು 1.2. ಗಾಳಿಯಲ್ಲೊಮ್ಮೆ, ನೀರಿನಲ್ಲೊಮ್ಮೆ ತೂಗಿದ್ದರೆ ಐದು ನಿಮಿಷದಲ್ಲಿ ವ್ಯತ್ಯಾಸ ತಿಳಿಯುತ್ತಿತ್ತು. ತಕ್ಕಡಿ ಅದೇ ಮೇಜಿನ ಮೇಲಿತ್ತು. ಅಗತ್ಯವಾದುದನ್ನು ಬಿಟ್ಟು ಸುಲಭವಾದುದನ್ನು ಅಳೆದಿದ್ದೆ. ಪೂರೈಕೆದಾರನನ್ನು ಬೈಯುವ ಮೊದಲು ನನ್ನ ಸಹಿಯನ್ನೇ ನೋಡಿಕೊಳ್ಳಬೇಕಾಯಿತು.