ಬಾಗಿಲವರೆಗೆ ಬಂದ ಪಾಠ

2020ರಲ್ಲಿ ಸೊಲ್ಲಾಪುರ ಜಿಲ್ಲೆಗೆ ಶಿಕ್ಷಣದ ಹೆಸರಿನಲ್ಲಿ ಎರಡು ಸಲ ಚಪ್ಪಾಳೆ ಬಿತ್ತು. ಮೊದಲನೆಯದು ಲಾಕ್‌ಡೌನಿನ ನಡುವೆ, ನಗರದ ನೀಲಮ್‌ನಗರದ ಓಣಿಗಳಿಗೆ. ಅಲ್ಲಿನ ಆಶಾ ಮರಾಠಿ ವಿದ್ಯಾಲಯದ ಶಿಕ್ಷಕರು ಮನೆಗಳ ಹೊರಗೋಡೆಗಳ ಮೇಲೆ, ಸುಮಾರು 300 ಗೋಡೆಗಳ ಮೇಲೆ, ಪಾಠ ಬರೆಸಿದರು. ಸ್ಮಾರ್ಟ್‌ಫೋನ್ ಇಲ್ಲದ ಮನೆಯ ಮಕ್ಕಳು ಓಣಿಯಲ್ಲಿ ನಿಂತು ಓದಿದರು. ಎರಡನೆಯದು ಡಿಸೆಂಬರ್ 3ರಂದು, ಮಾಢಾ ತಾಲೂಕಿನ ಪರಿತೇವಾಡಿ ಜಿಲ್ಲಾ ಪರಿಷತ್ ಶಾಲೆಯ ರಣಜಿತ್‌ಸಿಂಹ ಡಿಸಲೆಯವರಿಗೆ. ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಅವರಿಗೆ ಬಂತು. ಅದರ ಅರ್ಧವನ್ನು ಕೊನೆಯ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಮಂದಿಗೆ ಹಂಚುತ್ತೇನೆ ಎಂದು ಅವರು ಸಾರಿದ ಮೇಲಂತೂ ಚಪ್ಪಾಳೆ ನಿಲ್ಲಲೇ ಇಲ್ಲ.

ಅಂದಿನಿಂದ ಮನೆಯಲ್ಲೇ ಮಕ್ಕಳಿಗೆ ಕಲಿಸುವ ಕುಟುಂಬಗಳ ಬಗ್ಗೆ ಬರೆಯುವವರೂ ಸರ್ಕಾರಿ ಶಾಲೆಗಳ ಬಗ್ಗೆ ಬರೆಯುವವರೂ ಒಂದೇ ಉಸಿರಿನಲ್ಲಿ ಈ ಎರಡನ್ನೂ ಎತ್ತುತ್ತಾರೆ: ನೋಡಿ, ಮನೆಯೇ ಶಾಲೆಯಾಯಿತು. ನನಗೆ ಹಾಗೆ ಕಂಡಿಲ್ಲ. ಓಣಿಯ ಗೋಡೆಯೂ ಡಿಸಲೆಯವರು ಪಠ್ಯಪುಸ್ತಕಕ್ಕೆ ತಂದ ಕ್ಯೂಆರ್ ಚೌಕವೂ ಪಾಠವನ್ನು ಮನೆಯ ಬಾಗಿಲವರೆಗೆ ತಂದವು, ಹೊಸ್ತಿಲು ದಾಟಲಿಲ್ಲ. ಮನೆಯೊಳಗೆ ನಡೆಯುವ ಕೆಲಸಕ್ಕೂ ಹೊರಗೆ ಬರೆದಿದ್ದಕ್ಕೂ ಸಂಬಂಧವೇ ಇರಲಿಲ್ಲ. ಡಿಸಲೆಯವರು ಮಾಡಿದ್ದರಲ್ಲಿ ನಿಜಕ್ಕೂ ದೊಡ್ಡದು ಯಾವುದೋ ಅದರ ಮೇಲೆ ಯಾರ ಕಣ್ಣೂ ನಿಲ್ಲಲಿಲ್ಲ.

ಮನೆಪಾಠದ ಚರ್ಚೆ ಕನ್ನಡಕ್ಕೆ ಹೊಸದಲ್ಲ. ಪುತ್ತೂರಿನ ಬಾಲವನ, ವಾರ್ಧಾದ ನಯೀ ತಾಲೀಮ್, ಗಿಜುಭಾಯಿಯವರ ಪ್ರಯೋಗ, ಇವೆಲ್ಲ ಓದುಗರಿಗೆ ಗೊತ್ತಿರುವ ಸಂಗತಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಮನೆಯಲ್ಲಿ ಕಲಿಯುವ ಮಕ್ಕಳ ಬಗ್ಗೆ ಬಾಯಿ ಬಿಡುವುದಿಲ್ಲ, ಅಂಥವರು ಮುಕ್ತ ಶಾಲೆಯ ಪರೀಕ್ಷೆಗೆ ಕೂರುತ್ತಾರೆ ಎಂಬುದೂ ಹಳೆಯ ಮಾತು. ಚರ್ಚೆಯಾಗದೆ ಉಳಿದದ್ದು ಇಷ್ಟೇ: ವಾರಕ್ಕೊಂದು ಚಟುವಟಿಕೆ ಎಂದು ಈ ಮನೆಗಳಲ್ಲಿ ಮಕ್ಕಳ ಕೈಗೆ ಕೊಡುವುದು ಏನನ್ನು?

ಎಲ್ಲ ಕಡೆಯೂ ಬಹುಮಟ್ಟಿಗೆ ಒಂದೇ ಪಟ್ಟಿ. ಹತ್ತಿಯಲ್ಲಿ ಕಡಲೆ ಮೊಳಕೆ ಬರಿಸುವುದು, ರೊಟ್ಟಿ ಕತ್ತರಿಸಿ ಕಾಲು, ಅರ್ಧ, ಮುಕ್ಕಾಲು ತೋರಿಸುವುದು, ಅಡಿಗೆ ಸೋಡಾಕ್ಕೆ ವಿನೆಗರ್ ಸುರಿದು ಮಣ್ಣಿನ ಗುಡ್ಡದಿಂದ ಕೆಂಪು ನೊರೆ ಉಕ್ಕಿಸುವುದು. ಈ ಕೊನೆಯದನ್ನು ಸೊಲ್ಲಾಪುರದಲ್ಲಿ ಮಾಡಿಸುವುದಂತೂ ನನಗೆ ನಗು ತರಿಸುತ್ತದೆ. ಜ್ವಾಲಾಮುಖಿಗೂ ಸೋಡಾ ನೊರೆಗೂ ಏನೇನೂ ಸಂಬಂಧವಿಲ್ಲ. ಅಲ್ಲಿ ಮೇಲೆ ಬರುವುದು ಕರಗಿದ ಕಲ್ಲು, ಇಲ್ಲಿ ಉಕ್ಕುವುದು ಆಮ್ಲವೂ ಕ್ಷಾರವೂ ಕೂಡಿದಾಗ ಹೊರಡುವ ಅನಿಲ. ಅದಕ್ಕಿಂತ ಮಿಗಿಲಾದ ವಿಚಿತ್ರ ಎಂದರೆ ಆ ಮನೆ ನಿಂತಿರುವುದೇ ಲಾವಾದ ಮೇಲೆ. ಸೊಲ್ಲಾಪುರ, ಅಕ್ಕಲಕೋಟೆ, ಮೈಂದರ್ಗಿ, ದುಧನಿ, ಈ ಸೀಮೆಯೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಆರಿದ ದಖ್ಖನ್ ಕರಿಗಲ್ಲು. ಹಳೆಯ ಮನೆಯ ಹೊಸ್ತಿಲು ಅದೇ ಕಲ್ಲು. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುವ ಎರೆ ಮಣ್ಣೂ ಅದೇ ಕಲ್ಲು ಪುಡಿಯಾಗಿ ಆದದ್ದು. ಹಿಡಿ ಎರೆ ಮಣ್ಣನ್ನು ನೆನೆಸಿ, ಗಡಿಗೆಯ ಬಾಯಿಯ ಅಳತೆಗೆ ತಟ್ಟಿ, ಒಣಗಲು ಬಿಟ್ಟು, ವಾರ ಕಳೆದ ಮೇಲೆ ಅದು ಎಷ್ಟು ಕುಗ್ಗಿತೆಂದು ದಾರದಿಂದ ಅಳೆದರೆ ಮಗುವಿಗೆ ಭೂವಿಜ್ಞಾನವೂ ಸಿಕ್ಕಿತು, ಅಳತೆಯೂ ಸಿಕ್ಕಿತು, ಅಜ್ಜನ ಹೊಲದ ಬಿರುಕಿಗೆ ಕಾರಣವೂ ಸಿಕ್ಕಿತು. ಇದಕ್ಕೆ ಯಾವ ಸಾಮಾನನ್ನೂ ಕೊಳ್ಳಬೇಕಿಲ್ಲ. ಪಟ್ಟಿಯಲ್ಲಿ ಇಂಥದ್ದು ಸೇರದೆ ಇರಲು ಅದೇ ಕಾರಣ ಇರಬಹುದೇನೋ.

ಗೋಡೆಗಳ ವಿಷಯಕ್ಕೆ ಬರೋಣ. ಅವುಗಳಲ್ಲಿ ಒಂದು ಗುಣವಿತ್ತು. ಹೊಗಳಿದವರು ಅದನ್ನು ಹೇಳಲಿಲ್ಲವಾದ್ದರಿಂದ ನಾನೇ ಹೇಳಬೇಕು. ಪುಸ್ತಕ ಮಗುವಿಗೆ ಅದರ ತರಗತಿಯನ್ನಷ್ಟೇ ತೋರಿಸುತ್ತದೆ. ಗೋಡೆ ಹಾಗಲ್ಲ. ಎರಡನೆಯ ತರಗತಿಯ ಹುಡುಗಿ ಅಂಕಿ ಓದಿ ಮುಂದೆ ನಡೆದರೆ ಪಕ್ಕದ ಮನೆಯ ಮೇಲೆ ಅಕ್ಕನ ವ್ಯಾಕರಣ, ಅದರಾಚೆ ಅಣ್ಣನ ಬೀಜಗಣಿತದ ಸೂತ್ರ. ಮುಂದೆ ಏನೇನು ಕಲಿಯುವುದಿದೆ ಎಂಬುದನ್ನು ಓಣಿ ಮುಚ್ಚಿಡಲಿಲ್ಲ. ಶಾಲೆ ಬಿಟ್ಟ ತಾಯಂದಿರ ಕಣ್ಣಿಗೂ ಅದು ಬಿತ್ತು. ಇಷ್ಟು ಸರಿ. ಆದರೆ ಬಣ್ಣದಲ್ಲಿ ಬರೆದ ಗೋಡೆ ಓದಿಸಿಕೊಳ್ಳುತ್ತದೆ, ಬರೆಸಿಕೊಳ್ಳುವುದಿಲ್ಲ. ಮಗು ಅದಕ್ಕೆ ಉತ್ತರ ಕೊಡುವಂತಿಲ್ಲ, ತಪ್ಪು ಮಾಡಿ ಒರೆಸುವಂತಿಲ್ಲ. ಸೊಂಟದೆತ್ತರದವರೆಗೆ ಗೋಡೆಗೆ ಕರಿ ಬಣ್ಣ ಬಳಿದು, ಒಂದು ತುಂಡು ಸೀಮೆಸುಣ್ಣ ಇಟ್ಟು ಬಿಟ್ಟಿದ್ದರೆ, ಮೇಲೆ ಬರೆದ ಪಾಠಕ್ಕಿಂತ ಕೆಳಗಿನ ಖಾಲಿ ಜಾಗವೇ ಹೆಚ್ಚು ಕಲಿಸುತ್ತಿತ್ತು ಎಂದು ನನ್ನ ಎಣಿಕೆ.

ಡಿಸಲೆಯವರ ಕ್ಯೂಆರ್ ಚೌಕದ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು, ಕೀರ್ತಿಯೆಲ್ಲ ಅದರದ್ದೇ ಆದ್ದರಿಂದ. ಪಠ್ಯಪುಸ್ತಕದ ಪುಟದಲ್ಲಿ ಒಂದು ಚೌಕ. ಫೋನ್ ಹಿಡಿದರೆ ಹಾಡಿದ ಪದ್ಯ, ಪಾಠದ ವಿಡಿಯೋ, ಕಥೆ, ಅಭ್ಯಾಸ. ಮಹಾರಾಷ್ಟ್ರ ಸರ್ಕಾರ 2017ರಲ್ಲಿ ಇದನ್ನು ರಾಜ್ಯದ ಪಠ್ಯಪುಸ್ತಕಗಳಿಗೆಲ್ಲ ತರುವುದಾಗಿ ಹೇಳಿತು, ಮರುವರ್ಷ ಎನ್‌ಸಿಇಆರ್‌ಟಿಯೂ ಅದೇ ಹಾದಿ ಹಿಡಿಯಿತು. ಹರಡಿದ ರೀತಿ ದೊಡ್ಡದೇ. ಆದರೆ ಕಲಿಕೆಯ ಸಾಧನವಾಗಿ ನೋಡಿದರೆ ಅದು ಬಾಗಿಲು ಮಾತ್ರ. ಬಾಗಿಲಿನಾಚೆ ಇರುವುದು ಮತ್ತೆ ಹೇಳಿದ್ದನ್ನು ಕೇಳುವ, ತೋರಿಸಿದ್ದನ್ನು ನೋಡುವ ಅದೇ ಪಾಠ. ಹುಡುಗನ ಕೈ ಮಾಡುವ ಕೆಲಸ ಫೋನನ್ನು ಅಲುಗದಂತೆ ಹಿಡಿಯುವುದೊಂದೇ.

ವಿಪರ್ಯಾಸವೆಂದರೆ ಆ ಚೌಕದ ಒಳಗಿನ ತತ್ವವನ್ನು ಕಲಿಸಲು ಈ ಜಿಲ್ಲೆಗಿಂತ ತಕ್ಕ ಜಾಗ ಇನ್ನೊಂದಿಲ್ಲ. ಸೊಲ್ಲಾಪುರದ ಚಾದರು ಜಕಾರ್ಡ್ ಮಗ್ಗದ ಕೂಸು. ಲಿಯಾನಿನ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಆ ಯಂತ್ರದಲ್ಲಿ ಒಂದೊಂದು ಹೊಕ್ಕಿಗೆ ಒಂದೊಂದು ರಟ್ಟಿನ ಕಾರ್ಡು. ತೂತಿದ್ದ ಕಡೆ ಸೂಜಿ ಒಳಗೆ ಹೋಗುತ್ತದೆ, ಅದಕ್ಕೆ ಸೇರಿದ ಕೊಕ್ಕೆ ಹಾಸಿನ ಎಳೆಯನ್ನು ಎತ್ತುತ್ತದೆ. ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಎತ್ತು, ಇಳಿಸು, ಇದ್ದು, ಇಲ್ಲ. ಅಷ್ಟರಲ್ಲೇ ನವಿಲು, ಹೂಬಳ್ಳಿ, ದೇವಸ್ಥಾನ ಎಲ್ಲ ಮೂಡಬೇಕು. ಜಪಾನಿನ ಡೆನ್ಸೊ ವೇವ್ ಕಂಪನಿ 1994ರಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕಕ್ಕೆಂದು ಮಾಡಿದ ಕ್ಯೂಆರ್ ಚೌಕವೂ ಇದೇ ಜಾತಿಯದು: ಕರಿ ಅಥವಾ ಬಿಳಿ, ನಡುವೆ ಏನೂ ಇಲ್ಲ. ಅದರ ಅತಿ ಚಿಕ್ಕ ರೂಪದಲ್ಲಿ ಸಾಲಿಗೆ 21ರಂತೆ 21 ಸಾಲು, ಒಟ್ಟು 441 ಮನೆ. ಗಣಿತದ ಚೌಕುಳಿ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಕೂರುತ್ತದೆ. ಪೆನ್ಸಿಲಿನಿಂದ ತಪ್ಪಿಲ್ಲದೆ ತುಂಬಿದರೆ ಫೋನು ಅದನ್ನೂ ಓದುತ್ತದೆ.

ಇದರಿಂದ ವಾರಗಟ್ಟಲೆ ಪಾಠ ಹೊರಡುತ್ತದೆ. ಮೊದಲು ಹುಡುಗಿ ಚೌಕುಳಿ ಹಾಳೆಯಲ್ಲಿ ತನಗಿಷ್ಟವಾದ ಒಂದು ಹೂವನ್ನು ಮನೆ ತುಂಬಿ ಬಿಡಿಸಲಿ. ಆಮೇಲೆ ಅದರ ಒಂದೊಂದು ಸಾಲನ್ನೂ ಹಳೆಯ ರಟ್ಟಿನ ಪಟ್ಟಿಗಿಳಿಸಿ, ತುಂಬಿದ ಮನೆಗೆ ತೂತು ಹಾಕಲಿ. ಹೂವಿನ ಹಾಳೆಯನ್ನು ಮುಚ್ಚಿಟ್ಟು ಬರೀ ಪಟ್ಟಿಗಳನ್ನು ತಮ್ಮನ ಕೈಗೆ ಕೊಡಲಿ. ಅವನು ತೂತು ನೋಡಿ ನೋಡಿ ಬೇರೆ ಹಾಳೆಯಲ್ಲಿ ಬಣ್ಣ ತುಂಬಬೇಕು. ಹೂವು ಬಂತೇ? ಬರದಿದ್ದರೆ ತಪ್ಪು ಯಾರದು, ಕಾರ್ಡಿನದೋ ಓದಿದವನದೋ? ಈ ಜಗಳವೇ ಪಾಠ. ಇಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ, ನನಗೆ ಅದೇ ಹೆಚ್ಚು ಬೆಲೆಯುಳ್ಳದ್ದು. ಕಾರ್ಡಿನಲ್ಲಿ ಒಂದು ತೂತು ತಪ್ಪಿದರೆ ಅದು ನೇಯ್ದ ಪ್ರತಿ ಚಾದರಿನಲ್ಲೂ ಅದೇ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಮಗ್ಗಕ್ಕೆ ಕ್ಷಮೆ ಗೊತ್ತಿಲ್ಲ. ಕ್ಯೂಆರ್ ಚೌಕ ಕ್ಷಮಿಸುತ್ತದೆ. ತಪ್ಪು ತಿದ್ದಿಕೊಳ್ಳುವ ಅತಿ ಹೆಚ್ಚಿನ ಮಟ್ಟದಲ್ಲಿ ಮಾಡಿದ್ದಾದರೆ ಸುಮಾರು ಮೂವತ್ತು ಪ್ರತಿಶತದವರೆಗೆ ಹಾಳಾದರೂ ಓದಬಹುದು, ಹೆಚ್ಚುವರಿ ಮಾಹಿತಿಯನ್ನು ಲೆಕ್ಕ ಹಾಕಿ ಅದರೊಳಗೇ ಬೆರೆಸಿಟ್ಟಿರುತ್ತಾರಾದ್ದರಿಂದ. ಅದನ್ನೇ ಮಗುವಿಗೆ ತೋರಿಸಲು, ಒಂದೊಂದು ಸಾಲಿನ ತುಂಬಿದ ಮನೆಗಳು ಸಮವೋ ಬೆಸವೋ ಎಂದು ಕೊನೆಗೆ ಒಂದು ಗುರುತು ಹಾಕಿಡಲು ಹೇಳಿ. ತಮ್ಮ ಒಂದು ಮನೆ ತಪ್ಪಿದರೆ ಯಾವ ಸಾಲಿನಲ್ಲಿ ತಪ್ಪಿದ ಎಂದು ಹುಡುಗಿ ತನ್ನ ಹೂವಿನ ಹಾಳೆ ನೋಡದೆ ಹೇಳಬಲ್ಲಳು. ಕಂಬಸಾಲಿಗೂ ಹಾಗೇ ಗುರುತಿಟ್ಟರೆ ಆ ಒಂದು ಮನೆಯನ್ನೇ ಹಿಡಿಯಬಲ್ಲಳು. ಎಂಟು ವರ್ಷದ ಮಗುವಿಗೆ ಸಮ, ಬೆಸ ಗೊತ್ತಿದ್ದರೆ ಸಾಕು, ಗಣಕ ವಿಜ್ಞಾನದ ಒಂದು ದೊಡ್ಡ ವಿಚಾರ ಕೈಗೆ ಸಿಕ್ಕಿಬಿಡುತ್ತದೆ. ಫೋನು ಬೇಕಿಲ್ಲ. ನೀಲಮ್‌ನಗರದ ಗೋಡೆಯ ಒಳಬದಿಯಲ್ಲಿ, ಪರಿತೇವಾಡಿಯ ಪುಸ್ತಕದ ಮೂಲೆಯಲ್ಲಿ, ಈ ಪಾಠ ಕೂತೇ ಇತ್ತು.

ಇನ್ನು ಡಿಸಲೆಯವರ ನಿಜವಾದ ಸಾಧನೆ. ಪರಿತೇವಾಡಿಯ ಮಕ್ಕಳ ಮನೆಮಾತು ಕನ್ನಡ, ಪುಸ್ತಕ ಬೇರೆ ಭಾಷೆಯದು. ಮರಾಠಿ ಮಾತಿನ ಶಿಕ್ಷಕರೊಬ್ಬರು ಮಕ್ಕಳಿಗಾಗಿ ಕನ್ನಡ ಕಲಿತು ಪುಸ್ತಕವನ್ನು ಅವರ ಮಾತಿಗೆ ತಂದರು. ಪ್ರಶಸ್ತಿಯ ವರದಿಗಳು ಇದನ್ನು ಹೇಳುವುದು ಚೌಕಕ್ಕೆ ಪೀಠಿಕೆಯಾಗಿ, ಒಂದು ಸಾಲಿನಲ್ಲಿ. ಅದೇ ಮುಖ್ಯ ಸುದ್ದಿಯಾಗಬೇಕಿತ್ತು. ಯಾಕೆಂದರೆ ಮನೆಯ ಹೊಸ್ತಿಲು ದಾಟಿದ್ದು ಅದೊಂದೇ.

ಅದರ ಜೊತೆಗೆ ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅದೇ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮದ ಶಾಲೆಗಳಿವೆ. ಅವುಗಳಿಗಾಗಿ ಪುಣೆಯ ಬಾಲಭಾರತಿ ಕನ್ನಡ ಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಹೀಗಿರುವಾಗ ಮಾಢಾದ ಶಿಕ್ಷಕರು ಹೊಸದಾಗಿ ಅನುವಾದಕ್ಕೆ ಕೂರಬೇಕಾದದ್ದು ಏಕೆ? ಸರ್ಕಾರಿ ಪುಸ್ತಕ ತಾಲೂಕಿನ ಗೆರೆ ದಾಟದೆ ಇದ್ದರೆ ಅದು ಆಡಳಿತದ ಕುರುಡು. ಅಚ್ಚಿನ ಕನ್ನಡ ಆ ಮಕ್ಕಳ ಬಾಯಿಯ ಕನ್ನಡಕ್ಕೆ ತಾಕದೆ ಇದ್ದರೆ ಅದು ಪಠ್ಯದ ಕುರುಡು, ಆಗ ಅಕ್ಕಲಕೋಟೆಯ ಮಕ್ಕಳೂ ಆ ತೊಂದರೆಯನ್ನು ದಿನವೂ ಉಣ್ಣುತ್ತಿರಬೇಕು. ಎರಡರಲ್ಲಿ ಯಾವುದೇ ಇರಲಿ, ಹತ್ತು ಲಕ್ಷ ಡಾಲರಿನ ಸುದ್ದಿಗಿಂತ ಅದು ದೊಡ್ಡ ಸುದ್ದಿ.

ಇಲ್ಲಿ ನಮ್ಮ ಗಡಿ ಲೇಖಕರ ಮೇಲೆ ನನಗೆ ಸಿಟ್ಟಿದೆ. ಡಿಸಲೆಯವರು ಕನ್ನಡ ಕಲಿತದ್ದನ್ನು ಅವರು ಕನ್ನಡದ ಗೆಲುವೆಂದು ಬರೆದು, ಮರುಪ್ಯಾರಾದಲ್ಲೇ 1967ರ ಮಹಾಜನ ವರದಿಗೆ ಜಿಗಿದು, ಅಕ್ಕಲಕೋಟೆ ನಮಗೆ ಬರಬೇಕಿತ್ತು ಎಂದು ಮುಗಿಸಿದರು. ಬರಬೇಕಿತ್ತೋ ಇಲ್ಲವೋ, ಐವತ್ತು ವರ್ಷದಿಂದ ಅದೇ ಮಾತು. ಆ ಐವತ್ತು ವರ್ಷದಲ್ಲಿ ಅದೇ ತಾಲೂಕಿನ ನಾಗಣಸೂರಿನ ಒಂದು ಮನೆಯಲ್ಲಿ ಸಂಜೆ ಕನ್ನಡದಲ್ಲಿ ಏನು ಕಲಿಯುತ್ತಾರೆ ಎಂದು ಇವರು ಒಂದು ಪುಟ ಬರೆದಿಲ್ಲ. ಸೊಲ್ಲಾಪುರದ ಕನ್ನಡ ಬಹುಪಾಲು ಶಾಲೆಯ ಹೊರಗೆ ಬೆಳೆದದ್ದು. ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಓದಿದವರು, ಆಮೇಲೆ ತಾವಾಗಿ ಕನ್ನಡ ಕಲಿತು ಸಿದ್ಧರಾಮನ ಪುರಾಣ ಬರೆದರು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಆ ಗದ್ದುಗೆಗೆ ಬಂದ ಮೊದಲ ಹೆಂಗಸು. ಭಾಷಣದಲ್ಲಿ ಅವರ ಹೆಸರಿಗೆ ಕೈ ಮುಗಿಯುತ್ತಾರೆ. ಅವರು ಕಲಿತ ಬಗೆಯಿಂದ ಕಲಿಯುವುದೇನಾದರೂ ಇದೆಯೇ ಎಂದು ನೋಡುವುದಿಲ್ಲ. ಇನ್ನೊಂದು ಕಡೆಯ ವಿಮರ್ಶಕರು ಮನೆಪಾಠವೆಂದರೆ ಪುಣೆ, ಬೆಂಗಳೂರಿನ ಉಳ್ಳವರ ಶೋಕಿ ಎಂದು ಕೈ ತೊಳೆದುಕೊಳ್ಳುತ್ತಾರೆ. ಶೋಕಿಯಾದದ್ದು ಅದರ ಸಾಮಾನಿನ ಪಟ್ಟಿ. ಮನೆಯ ಕೆಲಸದಿಂದಲೇ ಕಲಿಸುವುದನ್ನು ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಿಂದ ಬೋರ್ಡಿಯ ಬಡವರ ಅಂಗಳದಲ್ಲೇ ಮಾಡಿ ತೋರಿಸಿದ್ದರು; ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದ್ದರು.

ನನ್ನ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ಬೇರೆ ಕಡೆಯದು. ಮನೆಯ ಕೆಲಸವನ್ನು ಪಾಠ ಮಾಡಿದರೆ ಪಾಠದ ಹೆಸರಿನಲ್ಲಿ ಮಗುವನ್ನು ಕೆಲಸಕ್ಕೆ ಹಚ್ಚುವುದು ಒಂದೇ ಹೆಜ್ಜೆ. 1937ರ ವಾರ್ಧಾ ಯೋಜನೆಯಲ್ಲಿ ಮಕ್ಕಳ ನೂಲಿನಿಂದಲೇ ಶಾಲೆಯ ಖರ್ಚು ಹುಟ್ಟಬೇಕು ಎಂದಾಗ ಕೆ.ಟಿ. ಶಾ ಅವರಂಥವರು ಈ ಮಾತನ್ನು ಆಗಲೇ ಎತ್ತಿದ್ದರು, ಅವರು ಹೇಳಿದ್ದು ಸರಿಯಾಗಿತ್ತು. ಸೊಲ್ಲಾಪುರದಲ್ಲಿ ಬೀಡಿ ಕಟ್ಟುವವರಿಗೆ ಕೂಲಿ ಸಾವಿರದ ಲೆಕ್ಕದಲ್ಲಿ. ಇಪ್ಪತ್ತೈದರ ಕಟ್ಟು ನಲವತ್ತಾದರೆ ಸಾವಿರ ಎಂದು ಗುಣಾಕಾರ ಕಲಿಸುವುದು ಸುಲಭ, ಆ ಹುಡುಗಿಯ ಕೈಗೆ ಎಲೆ, ತಂಬಾಕು ಕೊಡುವುದು ಅದಕ್ಕಿಂತ ಸುಲಭ. ಹಾಗಾಗಿ ಬೀಡಿಯನ್ನು ನಾನು ಪಾಠದ ಹತ್ತಿರ ಬಿಡಲೊಲ್ಲೆ. ಪವರ್‌ಲೂಮಿನ ಸದ್ದಿನಲ್ಲೂ ಹತ್ತಿಯ ಧೂಳಿನಲ್ಲೂ ಮಗುವನ್ನು ನಿಲ್ಲಿಸಲೊಲ್ಲೆ. ಮಗುವಿನ ಕೈಗೆ ಬರಬೇಕಾದದ್ದು ಹರಿದು ಬಿಸಾಡಿದ ಕಾರ್ಡು ಮಾತ್ರ. ಪಾಠ ಮುಗಿದಾಗ ಮಾರಲು ಬರುವ ಯಾವ ವಸ್ತುವೂ ಉಳಿದಿರಬಾರದು, ಉಳಿದರೆ ಅದು ಪಾಠವಲ್ಲ. ಈ ಅಳತೆಗೆ ವಾರ್ಧಾದ ತಕಲಿ ಸೋಲುತ್ತದೆ, ಎರೆ ಮಣ್ಣಿನ ಬಿಲ್ಲೆ ಗೆಲ್ಲುತ್ತದೆ.

ಕಲಿಸುವವರು ಯಾರು ಎಂಬುದು ಉಳಿದ ತೊಡಕು. ಹಗಲೆಲ್ಲ ಮಗ್ಗದ ಮುಂದೆ ನಿಂತ ಅಪ್ಪ, ಸಾವಿರದ ಲೆಕ್ಕ ಮುಗಿಸದೆ ಏಳಲಾಗದ ಅವ್ವ ವಾರದ ಪಾಠ ಯೋಜಿಸಲಿ ಎನ್ನುವುದು ಕ್ರೌರ್ಯ. ಗೋಡೆ ಬರೆಸಿದ ಶಿಕ್ಷಕರಿಗೆ ಓಣಿ ಗೊತ್ತು, ಪರಿತೇವಾಡಿಯ ಶಿಕ್ಷಕರಿಗೆ ಮನೆಮಾತು ಗೊತ್ತಿತ್ತು. ವಾರಕ್ಕೊಂದು ಸಂಜೆ ಓಣಿಗೊಬ್ಬ ಶಿಕ್ಷಕರು ಒಂದು ಅಂಗಳದಲ್ಲಿ ಹಳೆಯ ಕಾರ್ಡಿನ ಕಟ್ಟು ಬಿಚ್ಚಿ ಕೂರಬೇಕು, ಆ ಗಂಟೆಯನ್ನು ಅವರ ಕೆಲಸದ ಲೆಕ್ಕಕ್ಕೆ ಜಿಲ್ಲಾ ಪರಿಷತ್ತು ಹಿಡಿಯಬೇಕು. ಗೋಡೆಯ ಬಣ್ಣಕ್ಕೂ ಚೌಕದ ಹಿಂದಿನ ಸರ್ವರ್‌ಗೂ ಆಗುವ ಖರ್ಚಿಗಿಂತ ಅದು ಹೆಚ್ಚೇ ಬಿದ್ದೀತು, ಮತ್ತು ಅದರ ಫೋಟೋ ಅಷ್ಟು ಚೆಂದ ಬರುವುದಿಲ್ಲ.